ಆಟಕ್ಕೆ ಕೂಲಿ ಬಂದ ವರ್ಷ



ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ, ಕೆ.ಆರ್. ನಗರದ ಕಡೆ ಜುಲೈ ತಿಂಗಳ ಕೊನೆ ಎಂದರೆ ಹೊಗೆಸೊಪ್ಪಿನ ಬ್ಯಾರನ್ನುಗಳಿಗೆ ಬೆಂಕಿ ಬಿದ್ದಿರುವ ಕಾಲ. ಸೊಪ್ಪು ಮುರಿದು, ಕೋಲಿಗೆ ಕಟ್ಟಿ, ಬ್ಯಾರನ್ನಿಗೆ ಏರಿಸಿದ ಮೇಲೆ ಐದಾರು ದಿನ ಹಗಲೂ ರಾತ್ರಿ ಉರಿ ಕಾಯಬೇಕು. ಶಾಖ ಏರಿದರೂ ನಷ್ಟ, ಇಳಿದರೂ ನಷ್ಟ. 2014ರಲ್ಲಿ ಅದೇ ದಿನಗಳಲ್ಲಿ, ಜುಲೈ 26ರ ಶನಿವಾರ, ಮುಂಬೈಯ ಒಂದು ಒಳಾಂಗಣ ಕ್ರೀಡಾಂಗಣದಲ್ಲಿ ಯು ಮುಂಬಾ ಮತ್ತು ಜೈಪುರ ಪಿಂಕ್ ಪ್ಯಾಂಥರ್ಸ್ ತಂಡಗಳು ಕಬಡ್ಡಿ ಆಡಿದವು. ಯು ಮುಂಬಾ 45-31ರಿಂದ ಗೆದ್ದಿತು. ಅದು ಪ್ರೊ ಕಬಡ್ಡಿ ಲೀಗಿನ ಮೊದಲ ಪಂದ್ಯ. ಐದು ವಾರ ಕಳೆದು ಆಗಸ್ಟ್ 31ರ ಭಾನುವಾರ ಅವೇ ಎರಡು ತಂಡ ಫೈನಲಿನಲ್ಲಿ ಎದುರಾದವು. ಆಗ ಜೈಪುರ 35-24ರಿಂದ ಗೆದ್ದು ಮೊದಲ ಪಂದ್ಯದ ಬಾಕಿ ತೀರಿಸಿತು. ಆ ವರ್ಷ ಗಣೇಶನ ಹಬ್ಬ ಆಗಸ್ಟ್ 29ಕ್ಕೆ ಬಿದ್ದಿತ್ತು. ನಮ್ಮ ಊರುಗಳಲ್ಲಿ ಗಣಪತಿ ಪೆಂಡಾಲಿನ ಪಕ್ಕ ಕಬಡ್ಡಿ ಅಂಕಣಕ್ಕೆ ಸುಣ್ಣದ ಗೆರೆ ಎಳೆಯುವ ಹೊತ್ತಿಗೇ, ಅದೇ ಆಟದಿಂದ ಸಂಬಳ ತೆಗೆದುಕೊಳ್ಳುವ ಹುಡುಗರನ್ನು ದೇಶ ಟಿ.ವಿ.ಯಲ್ಲಿ ನೋಡುತ್ತಿತ್ತು.

ಆ ಮೊದಲ ಸೀಸನ್ನಿನ ಬಗ್ಗೆ ಇವತ್ತು ಮಾತಾಡುತ್ತೇನೆ. ಆಟಕ್ಕೆ ಕೂಲಿ ಬಂತಲ್ಲ, ಅದು ಒಳ್ಳೆಯದೋ ಕೆಟ್ಟದ್ದೋ ಎಂದು ಈಗಲೂ ಬಹಳ ಜನ ಕೇಳುತ್ತಾರೆ. ದೈಹಿಕ ಶಿಕ್ಷಣ ಶಿಕ್ಷಕನಾಗಿ, ನಮ್ಮ ಕಡೆಯವರ ಬಾಯಲ್ಲಿ ಹೇಳುವುದಾದರೆ ಪಿ.ಟಿ. ಮೇಷ್ಟ್ರಾಗಿ, ಈ ತಾಲ್ಲೂಕುಗಳ ಹೈಸ್ಕೂಲು ಮೈದಾನಗಳಲ್ಲಿ ಬಿಸಿಲು ಕುಡಿದವನು ನಾನು. ಕೂಲಿ ಬಂದದ್ದು ಒಳ್ಳೆಯದಾಯಿತು ಎಂದೇ ನನ್ನ ಎಣಿಕೆ. ಆದರೆ ಆ ಕೂಲಿ ಎಲ್ಲಿ ನಿಂತಿದೆ, ಎಲ್ಲಿಗೆ ಇಳಿದು ಬಂದಿಲ್ಲ ಎನ್ನುವುದನ್ನೂ ಹೇಳಬೇಕು.

ನಮ್ಮ ಊರುಗಳಲ್ಲಿ ಕಬಡ್ಡಿಗೆ ಮೊದಲಿನಿಂದಲೂ ಒಂದು ಸೀಸನ್ ಇದೆ. ಗಣೇಶನ ಹಬ್ಬಕ್ಕೆ ಶುರುವಾಗಿ, ದಸರೆಯ ತಾಲ್ಲೂಕು ಮಟ್ಟದ ಕ್ರೀಡಾಕೂಟ, ರಾಜ್ಯೋತ್ಸವ, ಸುಗ್ಗಿ ಮುಗಿದ ಮೇಲೆ ಜಾತ್ರೆಗಳು, ಅಂಬೇಡ್ಕರ್ ಜಯಂತಿ, ಹೀಗೆ ಮಳೆ ಹಿಡಿಯುವವರೆಗೆ ನಡೆಯುತ್ತದೆ. ಗೋಡೆ ಮೇಲೆ ಅಂಟಿಸಿದ ಪೋಸ್ಟರುಗಳನ್ನು ನೀವೂ ನೋಡಿದ್ದೀರಿ: ಹೊನಲು ಬೆಳಕಿನ ಪುರುಷರ ಮುಕ್ತ ಕಬಡ್ಡಿ ಪಂದ್ಯಾವಳಿ, ಪ್ರಥಮ ಬಹುಮಾನ ಇಷ್ಟು, ದ್ವಿತೀಯ ಬಹುಮಾನ ಇಷ್ಟು, ಜೊತೆಗೆ ಆಕರ್ಷಕ ಟ್ರೋಫಿ. ಕೆಲವು ಕಡೆ ಗೆದ್ದವರಿಗೆ ಟಗರು. ಕುಯ್ಲು ಮುಗಿದ ಗದ್ದೆಯನ್ನೋ ಶಾಲೆಯ ಬಯಲನ್ನೋ ಮಟ್ಟ ಮಾಡಿ, ಕಲ್ಲು ಆರಿಸಿ, ನೀರು ಚಿಮುಕಿಸಿ ಧೂಳು ಅಡಗಿಸಿ, ನಾಲ್ಕು ಕಂಬಕ್ಕೆ ದೀಪ ಕಟ್ಟುತ್ತಾರೆ. ಮೈಕು ಹಿಡಿದವನಿಗೆ ಎಲ್ಲ ತಂಡದ ಎಲ್ಲ ಹುಡುಗರ ಹೆಸರೂ ಗೊತ್ತಿರುತ್ತದೆ. ರಾತ್ರಿ ಹತ್ತಕ್ಕೆ ಶುರುವಾದದ್ದು ಬೆಳಗಿನ ಜಾವದ ಕೋಳಿ ಕೂಗಿಗೆ ಫೈನಲು ಕಾಣುತ್ತದೆ.

ಈ ಪಂದ್ಯಾವಳಿಗಳಲ್ಲಿ ಹೊರಗಿನ ಆಟಗಾರನನ್ನು ಕರೆಸುವ ರೂಢಿ ಹಳೆಯದು. ಮೈಸೂರಿನಿಂದಲೋ ಮಂಡ್ಯದಿಂದಲೋ ಒಬ್ಬ ಒಳ್ಳೆಯ ರೈಡರು ಬರುತ್ತಾನೆ. ಅವನಿಗೆ ಬಸ್ ಚಾರ್ಜು, ಊಟ, ಹೊರಡುವಾಗ ಜೇಬಿಗೆ ಒಂದಿಷ್ಟು. ಕೊಟ್ಟವರು ಕೊಟ್ಟೆವೆಂದು ಹೇಳುವುದಿಲ್ಲ, ತೆಗೆದುಕೊಂಡವನು ತೆಗೆದುಕೊಂಡೆನೆಂದು ಹೇಳುವುದಿಲ್ಲ. ಇದರಲ್ಲಿ ತಪ್ಪೇನೂ ಇಲ್ಲ, ಆದರೂ ಎಲ್ಲರಿಗೂ ಒಂದು ಸಂಕೋಚ. ಆಟವನ್ನು ಹಣಕ್ಕೆ ಆಡಬಾರದು, ಮರ್ಯಾದೆಗೆ ಆಡಬೇಕು ಎನ್ನುವ ಮಾತು ನಮ್ಮ ತಲೆಯಲ್ಲಿ ಯಾರೋ ತುಂಬಿದ್ದಾರೆ.

ಇದೇ ಸಂಕೋಚದಲ್ಲಿ ನೂರೈವತ್ತು ವರ್ಷಕ್ಕೂ ಹಿಂದೆ ಅಮೆರಿಕದಲ್ಲಿ ಇನ್ನೊಂದು ಆಟ ಸಿಕ್ಕಿಕೊಂಡಿತ್ತು, ಬೇಸ್‌ಬಾಲ್. ನಮ್ಮ ಕಡೆ ಆಡುವ ಆಟವಲ್ಲ, ಆದ್ದರಿಂದ ಎರಡು ಮಾತಿನಲ್ಲಿ ಹೇಳುತ್ತೇನೆ. ಕೈಯಲ್ಲಿ ಉರುಟು ದೊಣ್ಣೆ, ಎದುರಿನಿಂದ ಬರುವ ಗಟ್ಟಿ ಚೆಂಡು, ಚೌಕದ ನಾಲ್ಕು ಮೂಲೆಗೆ ನಾಲ್ಕು ಠಾಣೆ. ಚೆಂಡು ಹೊಡೆದವನು ನಾಲ್ಕೂ ಠಾಣೆ ಮುಟ್ಟಿ ಬಂದರೆ ಒಂದು ಓಟ. ಆಗಿನ ಕಾಲಕ್ಕೆ ಚೆಂಡನ್ನು ಕೈ ಕೆಳಗಿನಿಂದ ಬೀಸಿ ಎಸೆಯಬೇಕಿತ್ತು. ಹೊಡೆಯುವವನು ನನಗೆ ಎತ್ತರಕ್ಕೆ ಹಾಕು, ತಗ್ಗಿಗೆ ಹಾಕು ಎಂದು ಕೇಳಬಹುದಿತ್ತು. ಹಿಡಿಯುವವರ ಕೈಗೆ ಗವಸು ಇರಲಿಲ್ಲ, ಬೆರಳು ಮುರಿಯುವುದು ದಿನದ ಮಾತು.

ಆ ಆಟದ ಕ್ಲಬ್ಬುಗಳು 1857ರಲ್ಲಿ ಸೇರಿ ಒಂದು ಸಂಘ ಕಟ್ಟಿಕೊಂಡವು. ಸ್ವಲ್ಪ ದಿನದಲ್ಲೇ ಆಟಗಾರನಿಗೆ ಹಣ ಕೊಡಕೂಡದು ಎನ್ನುವ ಕಟ್ಟಳೆಯೂ ಬಂತು. ಕ್ಲಬ್ಬುಗಳು ಗೆಲ್ಲಬೇಕಲ್ಲ, ಹಿಂಬಾಗಿಲಿನಿಂದ ಕೊಟ್ಟವು. ವಾಷಿಂಗ್ಟನ್ನಿನ ನ್ಯಾಷನಲ್ಸ್ ಕ್ಲಬ್ಬಿನ ಎಷ್ಟೋ ಆಟಗಾರರು ಹೆಸರಿಗೆ ಸರ್ಕಾರಿ ಖಜಾನೆಯ ಗುಮಾಸ್ತರು. 1869ರಲ್ಲಿ ಆ ಕಟ್ಟಳೆ ಸಡಿಲವಾದಾಗ ಸಿನ್ಸಿನಾಟಿ ಎಂಬ ಊರಿನ ರೆಡ್ ಸ್ಟಾಕಿಂಗ್ಸ್ ಕ್ಲಬ್ಬು ತನ್ನ ಇಡೀ ತಂಡಕ್ಕೆ ಬಹಿರಂಗವಾಗಿ ಸಂಬಳ ನಿಗದಿ ಮಾಡಿತು. ನಾಯಕ ಹ್ಯಾರಿ ರೈಟ್‌ಗೆ 1,200 ಡಾಲರು, ಅವನ ತಮ್ಮ ಜಾರ್ಜ್ ರೈಟ್‌ಗೆ 1,400. ಮಾರ್ಚಿನಿಂದ ನವೆಂಬರಿನವರೆಗೆ ಕರಾರು. ಅದೇ ವರ್ಷ ಮೇ ತಿಂಗಳಲ್ಲಿ ಅಮೆರಿಕದ ಪೂರ್ವದಿಂದ ಪಶ್ಚಿಮ ಸಮುದ್ರದವರೆಗೆ ರೈಲು ಹಳಿ ಕೂಡಿತ್ತು. ಸೆಪ್ಟೆಂಬರಿನಲ್ಲಿ ಈ ತಂಡ ಅದೇ ಹಳಿ ಹಿಡಿದು ಸ್ಯಾನ್ ಫ್ರಾನ್ಸಿಸ್ಕೊವರೆಗೆ ಹೋಗಿ ಆಡಿ ಬಂತು. ಆ ವರ್ಷ ಒಂದು ಪಂದ್ಯವನ್ನೂ ಸೋಲಲಿಲ್ಲ. ಮಾರನೆಯ ವರ್ಷ ಜೂನ್ 14ರಂದು ಬ್ರೂಕ್ಲಿನ್ನಿನಲ್ಲಿ ಒಂದೇ ಒಂದು ಓಟದಿಂದ, 8-7ರಲ್ಲಿ ಮೊದಲ ಸೋಲು ಕಂಡಿತು. ಆ ವರ್ಷ ಮುಗಿಯುತ್ತಲೇ ಕ್ಲಬ್ಬಿನ ಹಿರಿಯರು ಸಂಬಳ ಕೊಡುವುದನ್ನೇ ನಿಲ್ಲಿಸಿದರು. ಗೆಲ್ಲುವವರೆಗೆ ನಮ್ಮ ಹುಡುಗರು, ಸೋತ ಮೇಲೆ ಖರ್ಚಿನ ಬಾಬ್ತು. ಹ್ಯಾರಿ ರೈಟ್ ಒಂದಷ್ಟು ಆಟಗಾರರನ್ನೂ ತಂಡದ ಹೆಸರನ್ನೂ ಕಟ್ಟಿಕೊಂಡು ಬಾಸ್ಟನ್ನಿಗೆ ಹೊರಟುಹೋದ.

ಇನ್ನೊಂದು ವಿಷಯ ಹೇಳಬೇಕು. ಆ ಸಿನ್ಸಿನಾಟಿ ತಂಡದಲ್ಲಿ ಸಿನ್ಸಿನಾಟಿಯವನು ಎಂದು ಇದ್ದದ್ದು ಒಬ್ಬನೇ. 2014ರ ನಮ್ಮ ಬೆಂಗಳೂರು ಬುಲ್ಸ್ ತಂಡದ ನಾಯಕ ಮಂಜೀತ್ ಛಿಲ್ಲರ್ ದೆಹಲಿ ಕಡೆಯವನು. ನಮ್ಮ ಕಾರ್ಕಳದ ಸುಕೇಶ್ ಹೆಗ್ಡೆ ಆಡಿದ್ದು ತೆಲುಗು ಟೈಟನ್ಸ್‌ಗೆ. ಇದೇನು ನಮ್ಮ ತಂಡ ಎಂದು ಆಗ ಬೇಜಾರು ಪಟ್ಟವರು ಇದ್ದರು. ನನಗೆ ಬೇಜಾರಾಗಲಿಲ್ಲ. ಕೂಲಿ ಮಾಡುವವನು ಕೂಲಿ ಸಿಕ್ಕ ಕಡೆ ಹೋಗುತ್ತಾನೆ. ಕೊಡಗಿನ ಕಾಫಿ ತೋಟಕ್ಕೆ ಎಚ್.ಡಿ. ಕೋಟೆಯಿಂದ ಜನ ಹೋಗುವುದಿಲ್ಲವೇ?

ಈಗ 1871ರ ಕಥೆಗೆ ಬರುತ್ತೇನೆ. ಇದು ನನಗೆ ಬಹಳ ಇಷ್ಟವಾದ ಕಥೆ. ಆ ವರ್ಷ ಮಾರ್ಚ್ 17ರಂದು ನ್ಯೂಯಾರ್ಕಿನ ಬ್ರಾಡ್‌ವೇ ಬೀದಿಯ ಒಂದು ಹೋಟೆಲಿನಲ್ಲಿ ಕೆಲವು ಕ್ಲಬ್ಬುಗಳವರು ಕೂತು, ಸಂಬಳದ ಆಟಗಾರರದೇ ಒಂದು ಸಂಘ ಮಾಡಿಕೊಂಡರು. ಸೇರಲು ಹತ್ತು ಡಾಲರು. ಒಂಬತ್ತು ತಂಡ ಸೇರಿದವು. ವೇಳಾಪಟ್ಟಿ ಎಂಬುದೇ ಇರಲಿಲ್ಲ. ಯಾವ ದಿನ, ಯಾವ ಊರಲ್ಲಿ ಎಂದು ಕಾರ್ಯದರ್ಶಿಗಳು ಒಬ್ಬರಿಗೊಬ್ಬರು ಕಾಗದ ಬರೆದು ನಿಶ್ಚಯ ಮಾಡಿಕೊಳ್ಳಬೇಕು. ಪಕ್ಕದ ಹಳ್ಳಿಯ ತಂಡಕ್ಕೆ ನಾವು ಹೇಳಿಕಳಿಸುತ್ತಿದ್ದೆವಲ್ಲ, ಹಾಗೆ.

ಮೊದಲ ಪಂದ್ಯ ಮೇ 4ರಂದು ಫೋರ್ಟ್ ವೇನ್ ಎಂಬ ಸಣ್ಣ ಊರಲ್ಲಿ ನಡೆಯಿತು. ಊರಿನ ತಂಡದ ಹೆಸರು ಕೆಕಿಯೊಂಗ. ಚೆಂಡೆಸೆಯುವವನು ಬಾಬಿ ಮ್ಯಾಥ್ಯೂಸ್, ಕುಳ್ಳನೆಯ ಹುಡುಗ, ಹತ್ತೊಂಬತ್ತು ವರ್ಷ. ಎದುರಾಳಿ ಕ್ಲೀವ್‌ಲ್ಯಾಂಡಿನ ತಂಡ. ಒಂದೊಂದು ತಂಡ ಇಪ್ಪತ್ತು ಮೂವತ್ತು ಓಟ ಗಳಿಸುತ್ತಿದ್ದ ಕಾಲದಲ್ಲಿ ಆ ಹುಡುಗ ಎದುರಾಳಿಗೆ ಒಂದೂ ಓಟ ಬಿಟ್ಟುಕೊಡಲಿಲ್ಲ. ಕೆಕಿಯೊಂಗ 2-0ರಿಂದ ಗೆದ್ದಿತು. ಮಳೆಯ ದಿನ, ನೋಡಲು ಬಂದವರು ನೂರಾರು ಜನ ಅಷ್ಟೆ. ಅಮೆರಿಕದಲ್ಲಿ ಸಂಬಳದ ಆಟಗಾರರ ಲೀಗು ಹುಟ್ಟಿದ್ದು ಅಷ್ಟು ಜನರ ಮುಂದೆ, ಅಷ್ಟು ಸಣ್ಣ ಊರಲ್ಲಿ.

ಆದರೆ ಆಗಸ್ಟ್ ಮುಗಿಯುವ ಹೊತ್ತಿಗೆ ಕೆಕಿಯೊಂಗ ತಂಡ ಮುಳುಗಿಹೋಯಿತು. ಸಂಬಳ ಕೊಡಲು ಗೇಟಿನ ಹಣ ಸಾಲಲಿಲ್ಲ. ರಾಕ್‌ಫರ್ಡ್ ಎಂಬ ಇನ್ನೊಂದು ಸಣ್ಣ ಊರಿನ ತಂಡ ಸೀಸನ್ ಮುಗಿಸಿತು, ಮಾರನೆಯ ವರ್ಷ ಮತ್ತೆ ಬರಲಿಲ್ಲ. ಆ ರಾಕ್‌ಫರ್ಡಿನಲ್ಲಿ ಆಗ ಆಡುತ್ತಿದ್ದ ಆನ್ಸನ್ ಎಂಬ ಹುಡುಗ ಮುಂದೆ ಷಿಕಾಗೋದಲ್ಲಿ ಆ ಕಾಲದ ದೊಡ್ಡ ಹೆಸರಾದ. ಊರು ಉಳಿಯಲಿಲ್ಲ, ಹುಡುಗ ಉಳಿದ. ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ಷಿಕಾಗೋ ತಂಡದ ಪಾಡು ಇನ್ನೂ ಬೇರೆ. ಪಟ್ಟದ ಪೈಪೋಟಿಯಲ್ಲಿ ಮುಂದಿದ್ದ ತಂಡ ಅದು. ಅಕ್ಟೋಬರ್ 8ರ ರಾತ್ರಿ ಷಿಕಾಗೋ ನಗರಕ್ಕೆ ಬೆಂಕಿ ಬಿತ್ತು. ಎರಡು ದಿನ ಉರಿದ ಆ ಬೆಂಕಿಯಲ್ಲಿ ಆಟದ ಮೈದಾನ, ಉಡುಪು, ಸಾಮಾನು ಎಲ್ಲ ಹೋಯಿತು. ಆಟಗಾರರಿಗೆ ಮನೆ ಮಠದ ಚಿಂತೆ. ಆದರೂ ಬಾಕಿ ಪಂದ್ಯಗಳಿಗೆ ಪರಊರಿಗೆ ಹೋಗಿ, ಬೇರೆ ಬೇರೆ ತಂಡಗಳಿಂದ ಎರವಲು ತಂದ ಅಂಗಿ ಟೋಪಿ ಹಾಕಿಕೊಂಡು ಆಡಿದರು. ಅಕ್ಟೋಬರ್ 30ರಂದು ಬ್ರೂಕ್ಲಿನ್ನಿನಲ್ಲಿ ನಡೆದ ಕೊನೆಯ ಪಂದ್ಯದಲ್ಲಿ ಫಿಲಡೆಲ್ಫಿಯಾದ ಅಥ್ಲೆಟಿಕ್ಸ್ ಎದುರು 4-1ರಿಂದ ಸೋತರು. ಮೊದಲ ಪಟ್ಟ ಅಥ್ಲೆಟಿಕ್ಸ್‌ಗೆ ಹೋಯಿತು. ಷಿಕಾಗೋ ಮತ್ತೆ ತಂಡ ಕಟ್ಟಲು 1874 ಬರಬೇಕಾಯಿತು. ಹಣಕ್ಕೆ ಆಡುವವರಿಗೆ ಅಭಿಮಾನ ಇರುವುದಿಲ್ಲ ಎನ್ನುತ್ತಾರಲ್ಲ, ಅವರಿಗೆ ನಾನು ಈ ಎರವಲು ಅಂಗಿಯವರ ಕಥೆ ಹೇಳುತ್ತೇನೆ.

ಯಾವ ಪಂದ್ಯಾವಳಿಯ ಮೊದಲ ಸೀಸನ್ನೂ ವೈಭವದ್ದಾಗಿರುವುದಿಲ್ಲ. ನಮ್ಮ ಮೈಸೂರು ರಾಜ್ಯದ ಕ್ರಿಕೆಟ್ ತಂಡದ ಮೊದಲ ರಣಜಿ ಸೀಸನ್ 1934ರ ನವೆಂಬರ್ 4ರಂದು ಮದ್ರಾಸಿನ ಚೆಪಾಕಿನಲ್ಲಿ ಶುರುವಾಗಿ ಅದೇ ದಿನ ಮುಗಿಯಿತು. ಮೈಸೂರು 48 ಮತ್ತು 59, ಮದ್ರಾಸು 130. ಮದ್ರಾಸಿನ ರಾಮ್ ಸಿಂಗ್ ಒಬ್ಬನೇ ಹನ್ನೊಂದು ವಿಕೆಟ್ ಕಿತ್ತ. ಸೋತರೆ ಮನೆಗೆ ಎನ್ನುವ ಪದ್ಧತಿ, ಆದ್ದರಿಂದ ಒಂದೇ ದಿನಕ್ಕೆ ನಮ್ಮ ಪ್ರಯಾಣ ಮುಗಿಯಿತು. ಅದೇ ರಾಜ್ಯ ಆಮೇಲೆ ಏನೇನು ಮಾಡಿತು ಎಂಬುದು ನಿಮಗೆ ಗೊತ್ತು.

ಹಣಕ್ಕೆ ಆಡಬಾರದು ಎನ್ನುವ ಮಾತು ಹುಟ್ಟಿದ್ದು ಎಲ್ಲಿ? ಹಣ ಇದ್ದವರ ಮನೆಯಲ್ಲಿ. ಇಂಗ್ಲೆಂಡಿನ ಕ್ರಿಕೆಟ್ಟಿನಲ್ಲಿ 1962ರವರೆಗೆ ಒಂದೇ ತಂಡದೊಳಗೆ ಎರಡು ಜಾತಿ ಇತ್ತು. ಸಂಬಳ ಬೇಡದ ಮಹನೀಯರು ಒಂದು, ಸಂಬಳಕ್ಕೆ ಆಡುವವರು ಇನ್ನೊಂದು. ಬಟ್ಟೆ ಬದಲಿಸುವ ಕೋಣೆ ಬೇರೆ, ಕೆಲವು ಮೈದಾನಗಳಲ್ಲಿ ಒಳಗೆ ಬರುವ ಬಾಗಿಲೂ ಬೇರೆ. ಆಸ್ತಿ ಇದ್ದವನಿಗೆ ಆಟ ಆಟವೇ. ಬೆಳಿಗ್ಗೆ ನೇಗಿಲು ಹಿಡಿದು ಸಂಜೆ ಅಂಕಣಕ್ಕೆ ಇಳಿಯುವವನಿಗೆ ಆಟ ಎಂದರೆ ಒಂದು ದಿನದ ಕೂಲಿ ತಪ್ಪಿತು ಎಂದು ಅರ್ಥ. ಎಷ್ಟು ಜನ ಹುಡುಗರು ಹತ್ತನೇ ತರಗತಿಯವರೆಗೆ ಅದ್ಭುತವಾಗಿ ಆಡಿ, ಆಮೇಲೆ ಬ್ಯಾರನ್ನಿನ ಕೆಲಸಕ್ಕೋ ಬೆಂಗಳೂರಿನ ಗಾರ್ಮೆಂಟ್ಸಿಗೋ ಹೋಗಿ ಮೈದಾನ ಬಿಟ್ಟರು! ಅವರಿಗೆ ಆಟದ ಮೇಲೆ ಪ್ರೀತಿ ಕಡಿಮೆ ಇತ್ತೇ? ಇರಲಿಲ್ಲ. ಮನೆಯಲ್ಲಿ ಅಪ್ಪ ಅವ್ವ ಕೇಳುತ್ತಿದ್ದ ಪ್ರಶ್ನೆಗೆ ಅವರ ಬಳಿ ಉತ್ತರ ಇರಲಿಲ್ಲ: ಕಬಡ್ಡಿ ಆಡಿದ್ರೆ ಹೊಟ್ಟೆ ತುಂಬ್ತದಾ ಮಗಾ?

2014ಕ್ಕೆ ಮೊದಲು ಈ ಪ್ರಶ್ನೆಗೆ ಇದ್ದ ಉತ್ತರ ಸರ್ಕಾರಿ ಕೆಲಸ ಒಂದೇ. ರೈಲ್ವೆ, ಪೊಲೀಸು, ಸೈನ್ಯ, ಬ್ಯಾಂಕು. ಕ್ರೀಡಾ ಕೋಟಾದಲ್ಲಿ ನೌಕರಿ ಸಿಕ್ಕಿದರೆ ಬದುಕು ನೆಲೆ ನಿಂತಂತೆ. ಕರ್ನಾಟಕದಲ್ಲಿ ವಿಜಯಾ ಬ್ಯಾಂಕಿನ ಕಬಡ್ಡಿ ತಂಡಕ್ಕೆ ದೊಡ್ಡ ಹೆಸರಿತ್ತು. 2019ರ ಏಪ್ರಿಲ್ 1ಕ್ಕೆ ಆ ಬ್ಯಾಂಕೇ ಬ್ಯಾಂಕ್ ಆಫ್ ಬರೋಡದಲ್ಲಿ ಕರಗಿತು. 1990ರ ಬೀಜಿಂಗ್ ಏಷ್ಯನ್ ಗೇಮ್ಸಿನಿಂದ ಹಿಡಿದು ಪ್ರತಿ ಸಲವೂ ಚಿನ್ನ ತರುತ್ತಿದ್ದ ದೇಶ ನಮ್ಮದು. ಚಿನ್ನ ತಂದ ಹುಡುಗರು ರೈಲ್ವೆಯಲ್ಲೋ ಪೊಲೀಸ್ ಇಲಾಖೆಯಲ್ಲೋ ಡ್ಯೂಟಿ ಮಾಡುತ್ತಿದ್ದರು. ಬೀದಿಯಲ್ಲಿ ನಡೆದು ಹೋದರೆ ಅವರನ್ನು ಗುರುತಿಸುವವರಿರಲಿಲ್ಲ.

2014ರ ಮೇ 20ರಂದು ಮುಂಬೈಯಲ್ಲಿ ಆಟಗಾರರ ಹರಾಜು ನಡೆಯಿತು. ನಮ್ಮ ನಾಲ್ಕು ತಾಲ್ಲೂಕಿನವರಿಗೆ ಹರಾಜು ಎಂದರೇನೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಕಟ್ಟೆಮಳಲವಾಡಿ, ಚಿಲ್ಕುಂದ, ಕಂಪಲಾಪುರ, ಪಿರಿಯಾಪಟ್ಟಣ, ಎಚ್.ಡಿ. ಕೋಟೆಯ ತಂಬಾಕು ಮಂಡಳಿ ಹರಾಜು ಮಾರುಕಟ್ಟೆಗಳಲ್ಲಿ ಬೇಲು ಸಾಲಾಗಿ ಇಟ್ಟು, ಗ್ರೇಡು ಬರೆಸಿಕೊಂಡು, ಕಂಪನಿಯವರು ಕೂಗುವ ಬೆಲೆಗೆ ಕಿವಿಯೊಡ್ಡಿ ನಿಂತವರು ನಾವು. ಕಬಡ್ಡಿ ಹರಾಜಿನಲ್ಲೂ ಹಾಗೆಯೇ. ಆಟಗಾರರಿಗೆ ದರ್ಜೆ ಇದೆ, ದರ್ಜೆಗೊಂದು ಮೂಲ ಬೆಲೆ ಇದೆ, ಕೂಗುವವರು ಎದುರಿಗೆ ಕೂತಿರುತ್ತಾರೆ. ಯಾರೂ ಕೂಗದೆ ಉಳಿದ ಬೇಲನ್ನು ರೈತ ಹೇಗೆ ವಾಪಸು ಗಾಡಿಗೆ ಹೇರಿಕೊಂಡು ಬರುತ್ತಾನೋ, ಹಾಗೆ ಹೆಸರು ಕೂಗಿಯೂ ಬೆಲೆ ಕೂಗಿಸಿಕೊಳ್ಳದ ಹುಡುಗ ಮನೆಗೆ ಬರುತ್ತಾನೆ. ಒಂದು ವ್ಯತ್ಯಾಸ ಇದೆ, ಅದು ದೊಡ್ಡದು. ಬೇಲಿನ ದುಡ್ಡು ಬೆಳೆದವನಿಗೆ ಬರುತ್ತದೆ. ಇಲ್ಲಿ ಮಾರಾಟಕ್ಕೆ ನಿಂತವನಿಗೇ ದುಡ್ಡು ಬರುತ್ತದೆ. ಹಾಗಾಗಿ ಮನುಷ್ಯರನ್ನು ಹರಾಜು ಹಾಕುತ್ತಾರಲ್ಲ ಎಂದು ನೊಂದುಕೊಂಡವರ ನೋವು ನನಗೆ ಅರ್ಥವಾಗುತ್ತದೆ, ಆದರೂ ಅದಕ್ಕೆ ನಾನು ಪೂರ್ತಿ ತಲೆಯಾಡಿಸಲಾರೆ.

ಆ ಮೊದಲ ಹರಾಜಿನಲ್ಲಿ ಅತಿ ಹೆಚ್ಚು ಬೆಲೆ ಬಂದದ್ದು ರಾಕೇಶ್ ಕುಮಾರ್‌ಗೆ. ಪಟ್ನಾ ಪೈರೇಟ್ಸ್ 12.80 ಲಕ್ಷ ರೂಪಾಯಿ ಕೊಟ್ಟಿತು. ದೀಪಕ್ ಹೂಡಾಗೆ ತೆಲುಗು ಟೈಟನ್ಸ್ 12.60 ಲಕ್ಷ. ಆಗ ಅದು ಕಣ್ಣು ಬಿಡಿಸುವ ಮೊತ್ತ. ನಾಲ್ಕು ವರ್ಷ ಕಳೆದು 2018ರಲ್ಲಿ ಮೋನು ಗೋಯತ್‌ಗೆ 1.51 ಕೋಟಿ ಬಂತು. 2023ರಲ್ಲಿ ಪವನ್ ಸೆಹ್ರಾವತ್‌ಗೆ ತೆಲುಗು ಟೈಟನ್ಸ್ 2.605 ಕೋಟಿ ಕೊಟ್ಟಿತು. ಪವನ್ ಯಾರೆಂದು ಹೇಳಬೇಕೇ? 2019ರ ಜನವರಿ 5ರ ಫೈನಲಿನಲ್ಲಿ ಒಬ್ಬನೇ 22 ಅಂಕ ತಂದು, ಗುಜರಾತ್ ಎದುರು 38-33ರಿಂದ ಬೆಂಗಳೂರು ಬುಲ್ಸ್‌ಗೆ ಮೊದಲ ಪಟ್ಟ ಗೆದ್ದುಕೊಟ್ಟವನು.

ಮೊದಲ ಸೀಸನ್ನಿಗೆ ಎಂಟು ತಂಡ. ಎಲ್ಲ ತಂಡಗಳೂ ಒಟ್ಟಿಗೆ ಊರಿಂದ ಊರಿಗೆ ಹೋಗುತ್ತಿದ್ದವು. ಒಂದು ನಗರದಲ್ಲಿ ನಾಲ್ಕು ದಿನ ಆಡಿ ಮುಂದಿನ ನಗರ. ಬೆಂಗಳೂರಿನ ಸರದಿ ಕಂಠೀರವ ಒಳಾಂಗಣದಲ್ಲಿ ನಡೆಯಿತು. ಬುಲ್ಸ್ ಆ ವರ್ಷ ಸೆಮಿಫೈನಲಿನಲ್ಲಿ ಯು ಮುಂಬಾಕ್ಕೆ ಸೋತಿತು. ಪ್ರಸಾರ ಮಾಡಿದವರ ಲೆಕ್ಕದಂತೆ ಆ ಸೀಸನ್ನನ್ನು ನೋಡಿದವರು 43.5 ಕೋಟಿ ಜನ. ಅಮೆರಿಕದ ಆಟಕ್ಕೆ ರೈಲು ಏನು ಮಾಡಿತೋ, ನಮ್ಮ ಆಟಕ್ಕೆ ಟಿ.ವಿ. ಅದನ್ನು ಮಾಡಿತು.

ಆಟವೂ ಬದಲಾಯಿತು. ಹಿಂದೆ ಉಸಿರು ಇರುವವರೆಗೆ ರೈಡು. ಉಸಿರು ಬಿಟ್ಟನೋ ಇಲ್ಲವೋ ಎಂದು ಎಷ್ಟು ಜಗಳ, ಎಷ್ಟು ಪಂದ್ಯ ಅರ್ಧಕ್ಕೆ ನಿಂತದ್ದು! ಈಗ ಮೂವತ್ತು ಸೆಕೆಂಡು, ಎದುರಿಗೆ ಗಡಿಯಾರ. ಎರಡು ರೈಡು ಬರಿಗೈಯಲ್ಲಿ ಬಂದರೆ ಮೂರನೆಯದರಲ್ಲಿ ಅಂಕ ತರಲೇಬೇಕು, ಇಲ್ಲವಾದರೆ ಔಟ್. ಮುನ್ನಡೆ ಸಿಕ್ಕಿದ ಮೇಲೆ ಮಧ್ಯದ ಗೆರೆ ಹತ್ತಿರ ಸುಮ್ಮನೆ ಸುತ್ತಾಡಿ ಕಾಲ ಕಳೆಯುವುದು ಇದರಿಂದ ನಿಂತಿತು. ಅಂಕಣದಲ್ಲಿ ಮೂವರೋ ಇನ್ನೂ ಕಡಿಮೆ ಜನವೋ ಇದ್ದಾಗ ರೈಡರನ್ನು ಹಿಡಿದರೆ ಒಂದು ಅಂಕ ಹೆಚ್ಚು. ಇದು ಬಹಳ ಸೊಗಸಾದ ನಿಯಮ. ಸೋಲುತ್ತಿರುವವರಿಗೆ ಒಂದು ಆಸೆ ಉಳಿಸುತ್ತದೆ.

ನೆಲ ಬದಲಾದದ್ದು ಮಾತ್ರ ನಮ್ಮ ಹುಡುಗರಿಗೆ ಕಷ್ಟವಾಯಿತು. ಮಣ್ಣಿನಲ್ಲಿ ಬರಿಗಾಲು ಕಚ್ಚಿ ನಿಲ್ಲುತ್ತದೆ. ಮ್ಯಾಟಿನ ಮೇಲೆ ಬೂಟು ಬೇಕು, ತಿರುಗುವ ರೀತಿ ಬೇರೆ, ಬೀಳುವ ರೀತಿ ಬೇರೆ. ಜಿಲ್ಲಾ ಮಟ್ಟಕ್ಕೆ ಕರೆದುಕೊಂಡು ಹೋದ ಹುಡುಗರು ಮೊದಲ ಸಲ ಮ್ಯಾಟ್ ಹತ್ತಿದಾಗ ಅವರ ಮುಖ ನೋಡಬೇಕಿತ್ತು. ‘ಕಾಲು ನಿಲ್ಲಲ್ಲ ಸಾ, ಜಾರ್ತದೆ’ ಎನ್ನುತ್ತಿದ್ದರು. ಊರಲ್ಲಿ ಹುಲಿಯಂತೆ ಹಿಡಿಯುತ್ತಿದ್ದವರು ಅಲ್ಲಿ ಅರ್ಧ ಗಂಟೆಯಲ್ಲಿ ಸೋತು ಬರುತ್ತಿದ್ದರು. ಕೌಶಲದಲ್ಲಿ ಸೋತದ್ದಲ್ಲ. ಹದಿಮೂರು ಮೀಟರು ಉದ್ದ, ಹತ್ತು ಮೀಟರು ಅಗಲದ ಒಂದು ಮ್ಯಾಟನ್ನು ಅವರು ಅಲ್ಲಿಯವರೆಗೆ ಕಂಡಿರಲೇ ಇಲ್ಲ.

ಫೋರ್ಟ್ ವೇನ್, ರಾಕ್‌ಫರ್ಡ್ ಹೆಸರನ್ನು ನೆನಪಿಟ್ಟುಕೊಳ್ಳಿ ಎಂದೆನಲ್ಲ. ಆಟಗಾರರ ಆ ಸಂಘ 1875ರವರೆಗೆ ಬದುಕಿತು. 1876ರಲ್ಲಿ ಷಿಕಾಗೋದ ವಿಲಿಯಂ ಹಲ್ಬರ್ಟ್ ಎಂಬ ವ್ಯಾಪಾರಿ ನ್ಯಾಷನಲ್ ಲೀಗ್ ಕಟ್ಟಿದ. ಅಲ್ಲಿಂದ ಯಜಮಾನಿಕೆ ಕ್ಲಬ್ಬಿನ ಮಾಲೀಕರದು. 75,000 ಜನಸಂಖ್ಯೆ ಇಲ್ಲದ ಊರಿಗೆ ತಂಡ ಇಲ್ಲ ಎಂದು ನಿಯಮ ಮಾಡಿದರು. 1879ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಇಂತಿಂಥ ಆಟಗಾರರು ತಮ್ಮ ಕ್ಲಬ್ಬು ಬಿಟ್ಟು ಬೇರೆಡೆ ಹೋಗುವಂತಿಲ್ಲ ಎಂದು ಮಾಲೀಕರು ತಮ್ಮತಮ್ಮಲ್ಲೇ ಒಪ್ಪಂದ ಮಾಡಿಕೊಂಡರು. ಆ ಕಟ್ಟು 1975ರವರೆಗೆ, ಹತ್ತಿರ ಹತ್ತಿರ ನೂರು ವರ್ಷ ಬಿಗಿಯಾಗಿಯೇ ಇತ್ತು. ಲೀಗು ಹುಟ್ಟಿದ್ದು ಸಣ್ಣ ಊರಲ್ಲಿ, ಆಟಗಾರರು ಬರುತ್ತಿದ್ದದ್ದು ಸಣ್ಣ ಊರಿಂದ. ಆದರೆ ಲೀಗಿನಲ್ಲಿ ಸಣ್ಣ ಊರಿಗೆ ಜಾಗ ಉಳಿಯಲಿಲ್ಲ, ಆಟಗಾರನ ಮಾತಿಗೆ ಬೆಲೆ ಉಳಿಯಲಿಲ್ಲ.

ನಮ್ಮ ಲೀಗಿನ ತಂಡಗಳು 2017ರಿಂದ ಹನ್ನೆರಡಾಗಿವೆ. ಎಲ್ಲವೂ ದೊಡ್ಡ ನಗರದ, ರಾಜ್ಯದ, ಇಲ್ಲವೇ ಭಾಷೆಯ ಹೆಸರಿನವು. ಹುಣಸೂರಿಗೆ ತಂಡ ಬೇಕು ಎಂದು ನಾನು ಕೇಳುತ್ತಿಲ್ಲ. ಆದರೆ ಯಾವ ತಂಡಕ್ಕೆ ಆಡಬೇಕು ಎನ್ನುವುದು ಹರಾಜಿನ ದಿನ ಆಟಗಾರನ ಕೈಯಲ್ಲಿ ಇರುವುದಿಲ್ಲ. ಆಟಗಾರರಿಗೆ ತಮ್ಮದೇ ಒಂದು ಗಟ್ಟಿ ಸಂಘ ಇರಬೇಕು ಎಂದು ನಾನು ಹೇಳುವುದು ಆ ಹಳೆಯ ಅಮೆರಿಕದ ಅನುಭವ ನೋಡಿ. ಕೂಲಿ ಬಂದ ಕಡೆ ಕೂಲಿಯವರ ದನಿಯೂ ಇರಬೇಕು.

ಇನ್ನು ಹೆಣ್ಣುಮಕ್ಕಳು. 2016ರಲ್ಲಿ ಪುರುಷರ ಲೀಗಿನ ಜೊತೆಯಲ್ಲೇ ಮಹಿಳಾ ಕಬಡ್ಡಿ ಚಾಲೆಂಜ್ ನಡೆಯಿತು. ಮೂರು ತಂಡ: ಫೈರ್ ಬರ್ಡ್ಸ್, ಐಸ್ ದಿವಾಸ್, ಸ್ಟಾರ್ಮ್ ಕ್ವೀನ್ಸ್. ಮೂವರು ನಾಯಕಿಯರಲ್ಲಿ ಇಬ್ಬರು ನಮ್ಮವರು, ಕಾರ್ಕಳ ತಾಲ್ಲೂಕು ಹೆರ್ಮುಂಡೆಯ ಮಮತಾ ಪೂಜಾರಿ ಮತ್ತು ಬೆಂಗಳೂರಿನ ತೇಜಸ್ವಿನಿ ಬಾಯಿ. ಇಬ್ಬರೂ ಅರ್ಜುನ ಪ್ರಶಸ್ತಿ ಪಡೆದವರು, ಏಷ್ಯನ್ ಗೇಮ್ಸ್ ಚಿನ್ನ ತಂದವರು. ಫೈನಲಿನಲ್ಲಿ ತೇಜಸ್ವಿನಿಯ ತಂಡ ಮಮತಾ ತಂಡವನ್ನು 24-23ರಿಂದ, ಒಂದೇ ಅಂಕದಿಂದ ಸೋಲಿಸಿತು. ಅಷ್ಟು ಬಿಗಿಯಾದ ಆಟ ಕಂಡ ಮೇಲೂ ಮಾರನೆಯ ವರ್ಷ ಆ ಪಂದ್ಯಾವಳಿ ಮತ್ತೆ ನಡೆಯಲಿಲ್ಲ. ನಮ್ಮ ಹೈಸ್ಕೂಲುಗಳಲ್ಲಿ ಹುಡುಗಿಯರ ತಂಡ ಹುಡುಗರ ತಂಡಕ್ಕಿಂತ ಶಿಸ್ತಿನದು, ಇದು ಯಾವ ಪಿ.ಟಿ. ಮೇಷ್ಟ್ರನ್ನು ಕೇಳಿದರೂ ಹೇಳುತ್ತಾರೆ. ಅವರ ಅಂಕಣ ಹನ್ನೆರಡು ಮೀಟರು ಉದ್ದ, ಎಂಟು ಮೀಟರು ಅಗಲ. ಅಷ್ಟು ಜಾಗವೂ ಅಷ್ಟು ಕೂಲಿಯೂ ಅವರಿಗೆ ಸಿಗಲಿಲ್ಲ ಎನ್ನುವುದು ನನ್ನನ್ನು ಬಹಳ ನೋಯಿಸುತ್ತದೆ.

ತರಬೇತಿಯ ವಿಷಯದಲ್ಲಿ ಹೆಮ್ಮೆ ಪಡುವ ಹೆಸರೊಂದು ನಮ್ಮಲ್ಲಿದೆ. 2001ರ ಅರ್ಜುನ ಪ್ರಶಸ್ತಿ ಪಡೆದ ಬಿ.ಸಿ. ರಮೇಶ್. ಅವರು ಕೋಚ್ ಆಗಿ 2019ರಲ್ಲಿ ಬೆಂಗಾಲ್ ವಾರಿಯರ್ಸ್‌ಗೆ, 2024ರ ಮಾರ್ಚ್ 1ರ ಫೈನಲಿನಲ್ಲಿ ಪುಣೇರಿ ಪಲ್ಟನ್‌ಗೆ ಪಟ್ಟ ಗೆಲ್ಲಿಸಿದರು. ಕಲಿಸುವ ಬುದ್ಧಿ ಕನ್ನಡನಾಡಿನಲ್ಲಿ ಇದೆ. ಅದು ತಾಲ್ಲೂಕಿಗೆ ಇಳಿಯಬೇಕು. ಒಂದೊಂದು ತಾಲ್ಲೂಕಿನ ಕ್ರೀಡಾಂಗಣದಲ್ಲಿ, ಸೂರಿನ ಕೆಳಗೆ, ಶಾಶ್ವತವಾಗಿ ಹಾಸಿದ ಒಂದು ಮ್ಯಾಟ್ ಮತ್ತು ಅದರ ಬಳಿ ಸಂಜೆ ಎರಡು ಗಂಟೆ ನಿಲ್ಲುವ ಒಬ್ಬ ತರಬೇತುದಾರ, ಇಷ್ಟಿದ್ದರೆ ಹನಗೋಡಿನ ಹುಡುಗ, ಬೆಟ್ಟದಪುರದ ಹುಡುಗ, ಸರಗೂರಿನ ಹುಡುಗಿ, ಸಾಲಿಗ್ರಾಮದ ಹುಡುಗಿ ಯಾರಿಗೂ ಕಡಿಮೆ ಇಲ್ಲ.

ಕೊನೆಯದಾಗಿ, ಹೊನಲು ಬೆಳಕಿನ ಪಂದ್ಯಾವಳಿ ನಡೆಸುವ ಯುವಕರ ಹತ್ತಿರ ಒಂದು ಮಾತು. ನಾನು ಪಾಠ ಹೇಳಿದ ಒಬ್ಬ ಹುಡುಗ ಒಂದು ಊರಿನ ಪಂದ್ಯಾವಳಿಯಲ್ಲಿ ಮಂಡಿ ತಿರುಚಿಕೊಂಡ. ಒಳಗಿನ ನಾರು ಹರಿದಿತ್ತು. ಆ ರಾತ್ರಿ ಟ್ರೋಫಿ ಕೊಟ್ಟು, ಫೋಟೊ ತೆಗೆಸಿಕೊಂಡು ಎಲ್ಲರೂ ಮನೆಗೆ ಹೋದರು. ಆಪರೇಷನ್ನಿಗೆ ಅವನ ಮನೆಯವರು ಸಾಲ ಮಾಡಿದರು. ಲೀಗಿನಲ್ಲಿ ಆಡುವವನಿಗೆ ಪಕ್ಕದಲ್ಲೇ ಫಿಸಿಯೊ ನಿಂತಿರುತ್ತಾನೆ. ಊರ ಅಂಕಣದಲ್ಲಿ ಆಡುವವನಿಗೆ ಐಸ್ ತರಲು ಸೈಕಲ್ಲಿನಲ್ಲಿ ಹೋಗಬೇಕು. ಈ ಹುಡುಗರಿಂದಲೇ ಮೇಲಿನ ಲೀಗು ಬದುಕಿರುವುದು.

ಆದ್ದರಿಂದ ಈ ಸಲ ಪೋಸ್ಟರು ಅಚ್ಚು ಹಾಕಿಸುವಾಗ ಪ್ರಥಮ, ದ್ವಿತೀಯ ಬಹುಮಾನದ ಕೆಳಗೆ ಇನ್ನೊಂದು ಸಾಲು ಸೇರಿಸಿ: ಗಾಯಗೊಂಡ ಆಟಗಾರರ ಚಿಕಿತ್ಸೆ ಸಮಿತಿಯದು. ತಂಡಗಳ ಪ್ರವೇಶ ಶುಲ್ಕದಲ್ಲಿ ಒಂದು ಪಾಲನ್ನು ಅದಕ್ಕೆಂದೇ ಬ್ಯಾಂಕಿನಲ್ಲಿ ಇಡಿ. ಹೊರಗಿನಿಂದ ಕರೆಸಿದ ಆಟಗಾರನಿಗೆ ಕೊಡುವ ಹಣವನ್ನು ಮುಚ್ಚಿ ಕೊಡಬೇಡಿ, ಮೈಕಿನಲ್ಲಿ ಹೇಳಿ ಕೊಡಿ. ಊರಿನ ಹುಡುಗರಿಗೂ ಊಟದ ಜೊತೆಗೆ ಒಂದು ದಿನದ ಕೂಲಿ ಕೊಡಿ. ಪುರುಷರ ಫೈನಲಿಗೆ ಮುಂಚೆ ಹುಡುಗಿಯರ ಒಂದು ಪಂದ್ಯ ಇರಲಿ, ಅವರಿಗೂ ಅದೇ ಲೆಕ್ಕದಲ್ಲಿ ಕೊಡಿ. ಟ್ರೋಫಿಯ ಎತ್ತರ ಒಂದು ಅಡಿ ಕಡಿಮೆಯಾದರೆ ಇಷ್ಟಕ್ಕೂ ದುಡ್ಡು ಸಾಲುತ್ತದೆ, ಲೆಕ್ಕ ಹಾಕಿ ನೋಡಿ.